ನೀಲವ್ವತ್ತೆ ಮುಟ್ಟದ ಕೂಸು

ನನ್ನ ಸೋದರತ್ತೆ ನೀಲವ್ವನವರು ಯಾರನ್ನು ಕಂಡರೂ ಮೊದಲು ಮುಖ ನೋಡುತ್ತಿರಲಿಲ್ಲ, ಮೊಣಕಾಲು ನೋಡುತ್ತಿದ್ದರು. ಮೊಣಕಾಲು ನೆಟ್ಟಗಿದ್ದರೆ ಆಮೇಲೆ ಮೂಗು. ಮೂಗೂ ಸಮಾಧಾನಕರವಾಗಿದ್ದಲ್ಲಿ ಮಾತ್ರ "ಬರ್ರಿ, ಕುಂಡ್ರರಿ, ಚಾ ಕುಡೀರಿ" ಎನ್ನುವರು. ಒಮ್ಮೆ ಮನೆಮನೆ ಸಮೀಕ್ಷೆಗೆಂದು ಬಂದಿದ್ದ ಪಂಚಾಯತಿಯ ಅಧಿಕಾರಿಯೊಬ್ಬರನ್ನು ಬಾಗಿಲಲ್ಲೇ ನಿಲ್ಲಿಸಿ, ಅವರ ಕಾಲಿನ ಕಡೆ ಬಹಳ ಹೊತ್ತು ನೋಡಿ, "ಸಾಹೇಬ್ರ, ಸಣ್ಣವರಿದ್ದಾಗ ನಿಮಗ ಎರದಾಕಿ ಯಾರ್ರಿ? ಎರಡೂ ಮೊಣಕಾಲ ಜಗಳಾಡಿ ಬ್ಯಾರೆ ಆದಂಗ ಅದಾವಲ್ಲ" ಎಂದು ವಿಚಾರಿಸಿದರು. ಸದರಿ ಅಧಿಕಾರಿಗಳು ಉಳಿದ ಪ್ರಶ್ನೆಗಳನ್ನೆಲ್ಲ ಕಟ್ಟೆಯ ಮೇಲೆ ಕುಳಿತು, ಕೈಚೀಲವನ್ನು ಮೊಣಕಾಲಿನ ಮೇಲೆ ಅಡ್ಡ ಇಟ್ಟುಕೊಂಡು ಕೇಳಿ ಮುಗಿಸಿದರು.

ಕಲಘಟಗಿ ತಾಲೂಕಿನ ಬಮ್ಮಿಗಟ್ಟಿ ನನ್ನ ತವರು. ಅತ್ತೆಯವರ ಮನೆ ನಮ್ಮ ಮನೆಗೆ ಗೋಡೆ ಹಂಚಿಕೊಂಡ ಮನೆ. ಗಂಡ ತೀರಿಕೊಂಡ ಮೇಲೆ ತವರಿಗೆ ಮರಳಿ, ತಮ್ಮ ಪಾಲಿನ ಹೊಲವನ್ನು ತಾವೇ ನಿಂತು ಮಾಡಿಸುತ್ತಿದ್ದ ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಆದರೆ ನಮ್ಮ ಓಣಿಯಲ್ಲಿ ಹುಟ್ಟಿದ ಪ್ರತಿಯೊಂದು ಕೂಸಿಗೂ ಅವರೇ ಎರೆದಿದ್ದರು. ಎರೆಯುವುದೆಂದರೆ ಬರೀ ಸ್ನಾನ ಮಾಡಿಸುವುದಲ್ಲ ಎಂಬುದನ್ನು ಬೇರೆ ಭಾಗದ ಓದುಗರ ಗಮನಕ್ಕೆ ತರಬಯಸುತ್ತೇನೆ. ಬಚ್ಚಲಲ್ಲಿ ಮಣೆಯ ಮೇಲೆ ಕುಳಿತು, ಕಾಲು ಚಾಚಿ, ಆ ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು, ಕಾಸಿದ ಎಣ್ಣೆಯಿಂದ ತಲೆಯಿಂದ ಅಂಗಾಲಿನವರೆಗೆ ತಿಕ್ಕಬೇಕು. ಬಲಗೈಯನ್ನು ಎಡಗಾಲಿಗೆ, ಎಡಗೈಯನ್ನು ಬಲಗಾಲಿಗೆ ಅಡ್ಡಡ್ಡ ಎಳೆದು ಕೂಡಿಸಬೇಕು. ಮೂಗನ್ನು ಚಿವುಟಿ ಎತ್ತಬೇಕು. ತಲೆಯನ್ನು ಒತ್ತಿ ದುಂಡಗೆ ಮಾಡಬೇಕು. ಆಮೇಲೆ ಚರಿಗೆ ಚರಿಗೆ ಬಿಸಿನೀರು, ಆಮೇಲೆ ಲೋಬಾನದ ಹೊಗೆ. ಕೂಸು ಕಿರುಚಿದಷ್ಟೂ ಅತ್ತೆಯವರಿಗೆ ಉತ್ಸಾಹ ಬರುತ್ತಿತ್ತು. "ಅಳಲಿ ಬಿಡ, ಎದಿ ಗಟ್ಟಿ ಆಗತೈತಿ. ಎಣ್ಣಿ ಉಂಡ ಎಲಬು, ಗೊಬ್ಬರ ಉಂಡ ಹೊಲ, ಎರಡೂ ಮೋಸ ಮಾಡೂದಿಲ್ಲ" ಎನ್ನುವರು.

ಓಣಿಯಲ್ಲಿ ಯಾರಿಗಾದರೂ ಪೊಲೀಸ್ ಕೆಲಸ ಸಿಕ್ಕರೆ ಅದು ಅತ್ತೆಯವರು ಎದೆ ತಿಕ್ಕಿದ್ದರ ಫಲವಾಗಿರುತ್ತಿತ್ತು. ಯಾರದಾದರೂ ಮದುವೆ ಬೇಗ ಕೂಡಿಬಂದರೆ ಅದು ಅವರು ತಿದ್ದಿದ ಮೂಗಿನಿಂದ ಆದದ್ದು. ನನ್ನ ಮೂಗು ಮಾತ್ರ ಕೊಂಚ ಎಡಕ್ಕಿದೆ. ಈ ಬಗ್ಗೆ ಕೇಳಿದಾಗಲೆಲ್ಲ ಅವರು ನಮ್ಮ ಅವ್ವನ ಕಡೆ ಕೈ ತೋರಿಸಿ, "ಅದು ನಿಮ್ಮವ್ವನ ತವರಮನಿ ಮೂಗು. ನನ್ನ ಕಡಿಂದ ಏನೂ ಕಮ್ಮಿ ಆಗಿಲ್ಲ" ಎಂದು ಸ್ಪಷ್ಟೀಕರಣ ನೀಡುತ್ತಿದ್ದರು. ತಪ್ಪು ಒಪ್ಪಿಕೊಳ್ಳುವುದು ಅವರ ಸ್ವಭಾವದಲ್ಲೇ ಇರಲಿಲ್ಲ. ಅವರು ಮಾಡಿದ ಸಾರು ಉಪ್ಪಾದರೆ, "ಈ ಸಲದ ಉಪ್ಪ ಅಗದಿ ಖಡಕ್ ಬಂದೈತಿ" ಎನ್ನುವರು. ಅವರೊಡನೆ ವಾದಿಸಿ ಗೆದ್ದವರನ್ನು ನಾನು ನೋಡಿಲ್ಲ. ಸೋತು ಸುಸ್ತಾದ ಬಹಳ ಮಂದಿಯನ್ನು ನೋಡಿದ್ದೇನೆ. ಅವರಲ್ಲಿ ನಾನೂ ಒಬ್ಬಳು.

ನನ್ನ ಮಗ ಶರಣು ದಿನ ತುಂಬುವ ಬಹಳ ಮೊದಲೇ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಜನಿಸಿದನು. ಹುಟ್ಟಿದ ಕೂಡಲೇ ಅವನನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲಾಯಿತು. ತೂಕ ಕಡಿಮೆ, ಉಸಿರು ದುರ್ಬಲ, ಇವು ನಾವು ನಿರೀಕ್ಷಿಸಿದ್ದ ಸಂಗತಿಗಳು. ನಿರೀಕ್ಷಿಸದೆ ಇದ್ದದ್ದು ಅವನ ಎಕ್ಸ್‌ರೇ. ಮಕ್ಕಳ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನನಗೆ ಮತ್ತು ನನ್ನ ಯಜಮಾನರಿಗೆ ತೋರಿಸಿದರು. "ನೋಡ್ರಿ, ಇಲ್ಲಿ ತೊಡಿ ಎಲಬು ಸೊಟ್ಟ ಐತಿ. ಹೊಟ್ಟಿಯೊಳಗ ಇದ್ದಾಗನ ಮುರದು, ತಾನ ಕೂಡೈತಿ. ಎದಿ ಪಕ್ಕಡಿ ಎಲಬೂ ಹಂಗ ಆಗ್ಯಾವು. ಹುಟ್ಟಿನಿಂದನ ಎಲಬು ಹಗುರ ಇರೂ ರೋಗ ಇದು. ಭಾಳ ಅಪರೂಪ. ನಿಮ್ಮ ತಪ್ಪಲ್ಲ, ಯಾರ ತಪ್ಪೂ ಅಲ್ಲ" ಎಂದರು. ಕೂಸಿನ ಕಣ್ಣಿನ ಬಿಳಿಭಾಗ ತುಸು ನೀಲಿಯಾಗಿದ್ದದ್ದೂ ಅದೇ ರೋಗದ ಲಕ್ಷಣವೆಂದು ತಿಳಿಸಿದರು.

ಕೂಸನ್ನು ಹೇಗೆ ಮುಟ್ಟಬೇಕೆಂಬುದನ್ನು ನರ್ಸ್ ಬಾಯಿ ನನಗೆ ಹೇಳಿಕೊಟ್ಟರು. ಕಂಕುಳಿಗೆ ಕೈ ಹಾಕಿ ಎತ್ತಬಾರದು. ಬಟ್ಟೆ ಬದಲಿಸುವಾಗ ಪಾದ ಹಿಡಿದು ಕಾಲೆತ್ತಬಾರದು. ಬೆರಳು ಅಗಲಿಸಿದ ಅಂಗೈಯನ್ನು ತಲೆ ಮತ್ತು ಕುಂಡೆಯ ಕೆಳಗೆ ಕೊಟ್ಟು, ಇಡಿಯಾಗಿ ಎತ್ತಬೇಕು. ಎಳೆಯುವುದು, ತಿರುಚುವುದು, ತಿಕ್ಕುವುದು ಯಾವುದೂ ಕೂಡದು. ಅವರು ಒಂದೊಂದನ್ನೇ ಹೇಳುತ್ತಿದ್ದರೆ ನನ್ನ ಕಣ್ಣ ಮುಂದೆ ಅತ್ತೆಯವರ ಎಣ್ಣೆ ಹಚ್ಚಿದ ಕೈಗಳೇ ಬರುತ್ತಿದ್ದವು. ಕೂಸು ಉಳಿಯುತ್ತದೆಯೋ ಇಲ್ಲವೋ ಎಂಬ ಭಯದ ಜೊತೆಗೆ, ಉಳಿದರೆ ಅತ್ತೆಯವರಿಂದ ಅದನ್ನು ಹೇಗೆ ಕಾಯಲಿ ಎಂಬ ಭಯವೂ ಅಂದೇ ನನ್ನನ್ನು ಹಿಡಿಯಿತು.

ಕೂಸಿನೊಡನೆ ಬಮ್ಮಿಗಟ್ಟಿಗೆ ಬಂದ ದಿನ ಅತ್ತೆಯವರು ಹೊಸ್ತಿಲಲ್ಲಿ ನಿವಾಳಿಸಿ, ನೀರು ಚೆಲ್ಲಿ, ಕೂಸಿಗೆ ಸುತ್ತಿದ ದುಪಟಿ ಸರಿಸಿ ನೋಡಿದರು. ಅಂದು ಮೊದಲ ಬಾರಿಗೆ ಅವರು ಮೊಣಕಾಲಿಗಿಂತ ಮೊದಲು ಕಣ್ಣು ನೋಡಿದರು.

"ಯವ್ವಾ, ಕಣ್ಣಾಗ ನೀಲಿ ಐತಲ್ಲೇ! ನನ್ನ ಹೆಸರ ಕಣ್ಣಾಗ ಇಟಗೊಂಡ ಹುಟ್ಟೈತಿ ನೋಡ ಇದು."

"ಅದು ರೋಗದ ಗುರುತಂತ್ರಿ ಅತ್ತಿ."

"ರೋಗ ನಿಮ್ಮ ಡಾಕ್ಟರಗ ಬಂದೈತಿ. ಕೊಡ ಇಲ್ಲೆ."

ನಾನು ಕೊಡಲಿಲ್ಲ. ಡಾಕ್ಟರು ಹೇಳಿದ್ದನ್ನೆಲ್ಲ ವಿವರಿಸಿದೆ. ಅವರಿಗೆ ಅರ್ಥವಾಗಲೆಂದು, "ಹಸಿ ಜ್ವಾಳದ ರೊಟ್ಟಿ ಎತ್ತಿ ಹಂಚಿಗೆ ಹಾಕತೇವಲ್ರಿ ಅತ್ತಿ, ಹಂಗ ಎತ್ತಬೇಕಂತ. ತುದಿ ಹಿಡದ್ರ ಹರಿತೈತಿ" ಎಂದು ಹೋಲಿಕೆ ಕೊಟ್ಟೆ. ಅವರು ಸೊಂಟದ ಮೇಲೆ ಕೈಯಿಟ್ಟು ಕೇಳಿದರು:

"ರೊಟ್ಟಿ ಯಾಕ ಹರಿತೈತಿ?"

"ಯಾಕ್ರಿ?"

"ನಾದಲಾರದ್ದಕ್ಕ. ಛಂದಂಗ ನಾದಿದ ಹಿಟ್ಟು ಎಂದಾರ ಹರದೈತೇನು? ಎಲಬೂ ಹಂಗ. ನೀನ ಹೇಳಿದಿ ನೋಡ ಈಗ."

ಇಂತಹ ವ್ಯಕ್ತಿಗೆ ಯಾವ ಉಪಮೆ ಕೊಡುವುದು? ಗುಡ್ಡಕ್ಕೆ ತಲೆ ಹಾಯ್ದಂತಾಯಿತು. ನಾನು ಸೂಚನೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ತೊಟ್ಟಿಲಿನ ಮೇಲ್ಭಾಗದ ಗೋಡೆಗೆ ಅಂಟಿಸಿದೆ. ಅತ್ತೆಯವರು ಅದನ್ನು ಕಂಡು, "ಗ್ವಾಡಿಗೆ ಹಚ್ಚಿದ್ದನ್ನ ಕೂಸಿಗೆ ಓದಾಕ ಬರತೈತೇನಲೇ ಸರೂ?" ಎಂದು ನಕ್ಕರು. ನಮ್ಮ ಅವ್ವ ಮಧ್ಯದಲ್ಲಿ ಸಿಕ್ಕು ಒದ್ದಾಡಿದಳು. ನಾದಿನಿಯ ಮುಂದೆ ಅವಳ ಬಾಯಿ ಎಂದೂ ನಡೆದದ್ದಲ್ಲ.

ನಮ್ಮಲ್ಲಿ ಮೊದಲು ಬಾಣಂತಿಗೆ ಎರೆಯುತ್ತಾರೆ, ನಂತರ ಕೂಸಿಗೆ. ಬಾಣಂತಿಗೆ ಮೈ ಕೆಂಪಾಗುವಷ್ಟು ಬಿಸಿನೀರು ಹಾಕಿ, ದಪ್ಪ ಕಂಬಳಿ ಹೊದಿಸಿ, ಬೆವರು ಇಳಿಯುವವರೆಗೆ ಏಳಕೂಡದೆಂದು ಮಲಗಿಸುವರು. ಎಂಥವಳಿಗಾದರೂ ಆಗ ನಿದ್ರೆ ಬರಲೇಬೇಕು. ಅತ್ತೆಯವರು ನನಗೆ ಪ್ರತಿ ಮುಂಜಾನೆ ಎರೆಯುತ್ತಿದ್ದರು. ಅದಕ್ಕೆ ನಾನು ಬೇಡವೆನ್ನಲಿಲ್ಲ. ಕೂಸಿನ ಮೈಯನ್ನು ನಾನೇ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆ. ಒಂದು ಮುಂಜಾನೆ ನಾನು ಕಂಬಳಿಯೊಳಗೆ ಜೋಂಪಿನಲ್ಲಿದ್ದೆ, ಅವ್ವ ಅಡುಗೆಮನೆಯಲ್ಲಿದ್ದಳು. ಬಚ್ಚಲಿನ ಕಡೆಯಿಂದ ಅಳು ಕೇಳಿತು. ಹಸಿವಿನ ಅಳುವಲ್ಲ, ನೀರಿನ ಅಳುವೂ ಅಲ್ಲ. ನಾನು ಎದ್ದು ಓಡಿದೆ.

ಅತ್ತೆಯವರು ಮಣೆಯ ಮೇಲೆ ಕಾಲು ಚಾಚಿ ಕುಳಿತಿದ್ದರು. ಕಾಲಿನ ಮೇಲೆ ಶರಣು. ಅವರ ಎರಡೂ ಕೈಗಳು ಗಾಳಿಯಲ್ಲಿ ಎತ್ತಿದಂತೆಯೇ ಇದ್ದವು. ಎಣ್ಣೆ ಮೊಣಕೈಗೆ ಇಳಿಯುತ್ತಿತ್ತು.

"ಚಟ್ ಅಂತು" ಎಂದರು. "ನಾ ಭಾಳ ತಿಕ್ಕಿಲ್ಲ ಸರೂ. ಬರೇ ಕೈ ಎಳದೆ. ಚಟ್ ಅಂತು."

ಆಗ ನಾನು ಏನೇನು ಅಂದೆನೋ ಅದನ್ನೆಲ್ಲ ಇಲ್ಲಿ ನಮೂದಿಸುವುದಿಲ್ಲ. ಓಣಿಯವರಿಗೆ ಕೇಳಿಸಿದೆ. ಅತ್ತೆಯವರು ಕೂಸನ್ನು ನಾನು ಎತ್ತಿಕೊಂಡ ಮೇಲೂ ಕೈ ಇಳಿಸದೆ ಹಾಗೆಯೇ ಕುಳಿತಿದ್ದರು.

ಹುಬ್ಬಳ್ಳಿಯಲ್ಲಿ ಎಕ್ಸ್‌ರೇ ತೆಗೆಯಲಾಗಿ, ಮೇಲ್ತೋಳಿನ ಎಲುಬು ಮುರಿದಿರುವುದು ಖಚಿತವಾಯಿತು. ಡಾಕ್ಟರು ತೋಳನ್ನು ಎದೆಗೆ ಸೇರಿಸಿ ಮೆತ್ತಗೆ ಕಟ್ಟಿದರು. ಬೇಗ ಕೂಡುತ್ತದೆಂದೂ, ಅಂಗಿ ತೊಡಿಸುವಾಗಲೂ ಹೀಗಾಗಬಹುದಿತ್ತೆಂದೂ ಹೇಳಿದರು. ಕರೆಯದಿದ್ದರೂ ನಮ್ಮ ಹಿಂದೆಯೇ ಗಾಡಿ ಹತ್ತಿ ಬಂದಿದ್ದ ಅತ್ತೆಯವರು ಮುಂದೆ ಬಂದು, "ಅಂಗಿ ಅಲ್ರೀ ಸಾಹೇಬ್ರ. ನಾ ಮುರದೇನಿ. ಬರಕೋರಿ" ಎಂದರು.

"ಅಜ್ಜೀ, ಈ ಕೂಸಿಗೆ ಯಾರ ಕೈಯಾಗರೆ ಆಗತಿತ್ತು."

"ಯಾರ ಕೈಯಾಗರೆ ಆಗತಿತ್ತು, ಆತೇನ್ರಿ? ನನ್ನ ಕೈಯಾಗ ಆತು. ಕೈ ನಂದು, ನನಗ ಗೊತ್ತಾಗೂದಿಲ್ಲೇನ್ರಿ?"

ಉಪ್ಪಿನ ಮೇಲೆ ತಪ್ಪು ಹಾಕುತ್ತಿದ್ದವರು ಅಂದಿನಿಂದ ಈ ತಪ್ಪನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಹಾಲಿನವನಿಗೆ ಹೇಳಿದರು. ಬಸ್ಸಿನ ಕಂಡಕ್ಟರನಿಗೆ ಹೇಳಿದರು. ಊರಿಗೆ ಬಂದ ಸ್ವಾಮಿಗಳ ಪಾದಕ್ಕೆ ಬಿದ್ದಾಗಲೂ ಆಶೀರ್ವಾದಕ್ಕೆ ಮೊದಲು ಅದನ್ನೇ ಹೇಳಿದರು. ಡಾಕ್ಟರ ಮಾತನ್ನು ನಾನೇ ಎಷ್ಟು ಸಲ ಅವರಿಗೆ ನೆನಪಿಸಿದರೂ, "ನೀ ಸುಮ್ಮನಿರ ಬೇ, ನೀ ಏನ ಕೇಳಿದಿ? ಚಟ್ ಅಂದದ್ದ ಕೇಳಿದಾಕಿ ನಾನು" ಎಂದು ನನ್ನ ಬಾಯಿ ಮುಚ್ಚಿಸುವರು. ಅವರನ್ನು ಕ್ಷಮಿಸಬೇಕೆಂದರೂ ಅವರೊಡನೆ ಜಗಳವಾಡಬೇಕಿತ್ತು.

ಓಣಿಯ ಯಾವ ಕೂಸಿಗೂ ಅವರು ಮತ್ತೆ ಎರೆಯಲಿಲ್ಲ. ಶರಣುವನ್ನಂತೂ ಬೆರಳಿನಿಂದಲೂ ಮುಟ್ಟಲಿಲ್ಲ. ಇದು ಇಲ್ಲಿಗೆ ಮುಗಿದಿದ್ದರೆ ನನಗೆ ನೆಮ್ಮದಿಯಾಗುತ್ತಿತ್ತೋ ಏನೋ. ಆದರೆ ತಾವು ಮುಟ್ಟದಿರುವುದರ ಜೊತೆಗೆ ಬೇರೆ ಯಾರೂ ಮುಟ್ಟದಂತೆ ನೋಡಿಕೊಳ್ಳುವ ಜವಾಬ್ದಾರಿಯನ್ನೂ ಅವರು ಸ್ವಯಂ ವಹಿಸಿಕೊಂಡರು. ತೊಟ್ಟಿಲಿನ ಬಾಜೂಕ್ಕೆ ಮಣೆ ಹಾಕಿಕೊಂಡು ಕುಳಿತವರು ಊಟಕ್ಕಷ್ಟೇ ಏಳುತ್ತಿದ್ದರು. ತೂಕ ನೋಡಲು ಬಂದ ಆಶಾ ಕಾರ್ಯಕರ್ತೆ ಜೋಳಿಗೆಯ ತಕ್ಕಡಿ ಬಿಚ್ಚಿದ ಕೂಡಲೇ, "ಏ, ಅದೇನ ಬದನಿಕಾಯೇನ ಜೋತ ಬಿಟ್ಟು ತೂಗಾಕ?" ಎಂದು ಅಬ್ಬರಿಸಿದರು. ಅವಳು ಕಡೆಗೆ ನನ್ನನ್ನು ಕೂಸಿನ ಸಮೇತ ನಿಲ್ಲಿಸಿ ತೂಗಿ, ನನ್ನ ತೂಕವನ್ನು ಕಳೆದು ಬರೆದುಕೊಂಡಳು. ಹುಬ್ಬಳ್ಳಿಯಲ್ಲಿ ಎಕ್ಸ್‌ರೇ ತೆಗೆಯುವ ತರುಣನೊಬ್ಬ ಕೂಸಿನ ಕಾಲು ನೇರ ಮಾಡಲು ಹೋಗಿ ಅತ್ತೆಯವರಿಂದ ಕೈಮೇಲೆ ಏಟು ತಿಂದನು. ಅವನ ಕ್ಷಮೆ ನಾನು ಕೇಳಬೇಕಾಯಿತು.

ಹೆಸರಿಡುವ ದಿನದ ಪ್ರಸಂಗವನ್ನಂತೂ ಹೇಳಲೇಬೇಕು. ನಮ್ಮಲ್ಲಿ ಮೊದಲು ಗುಂಡಕಲ್ಲಿಗೆ ಕೂಸಿನ ಕುಲಾವಿಯಂಥ ಕುಂಚಿಗೆಯನ್ನು ಕಟ್ಟಿ, ಮುತ್ತೈದೆಯರು ಅದನ್ನು ತೊಟ್ಟಿಲಿನ ಮೇಲಿಂದ ಕೊಟ್ಟು ಕೆಳಗಿಂದ ತೆಗೆದುಕೊಳ್ಳುತ್ತಾರೆ. ನಂತರ ಕೂಸನ್ನೂ ಹಾಗೆಯೇ ಕೈಯಿಂದ ಕೈಗೆ ದಾಟಿಸಿ ತೊಟ್ಟಿಲಿಗೆ ಹಾಕುತ್ತಾರೆ. ಕಲ್ಲಿನ ಸರದಿ ಮುಗಿಯಿತು. ಎದುರುಮನೆಯ ಮಾಂತವ್ವ ಕೂಸಿಗಾಗಿ ಕೈ ಚಾಚಿದಳು. ಅತ್ತೆಯವರು ನಡುವೆ ಬಂದು ನಿಂತರು.

"ಕೈ ಹಿಂದ ತಗಿ."

"ಶಾಸ್ತ್ರ ಐತಲ್ಲ ಅತ್ತಿ..."

"ಶಾಸ್ತ್ರ ಕಲ್ಲಿಗೆ ಆತಲ್ಲ? ಹೆಸರೂ ಕಲ್ಲಿಗೇ ಇಡ್ರಿ. ಕೂಸ ಅಲ್ಲಿಂದನ ಕೇಳಸ್ಕೋತೈತಿ."

"ಹಂಗಾರ ಶಾಲಿಗೂ ಕಲ್ಲನ್ನ ಕಳಸ್ರಿ" ಎಂದು ಮಾಂತವ್ವ ಮುನಿಸಿಕೊಂಡಳು. ಆದರೂ ಅತ್ತೆಯವರ ಮಾತೇ ನಡೆಯಿತು. ಕುಂಚಿಗೆ ಕಟ್ಟಿದ ಗುಂಡಕಲ್ಲಿನ ಕಿವಿಯಲ್ಲಿ "ಶರಣಬಸವ" ಎಂದು ಕೂಗಿ, ಬಂದವರೆಲ್ಲ ಗುಗ್ಗರಿ ತಿಂದು ಹೋದರು. ನನ್ನ ಮಗ ದಿಂಬಿನ ಮೇಲೆ ಮಲಗಿ ಅದನ್ನು ದೂರದಿಂದ ನೋಡಿದನು. ಆ ಕಲ್ಲನ್ನು ಓಣಿಯ ಹುಡುಗಿಯರು ಬಹಳ ದಿನ "ಶರಣ್ಯಾ" ಎಂದೇ ಕರೆದರು.

ನನ್ನ ಹೆರಿಗೆ ರಜೆ ಮುಗಿಯಿತು. ಕಲಘಟಗಿಯ ಕಚೇರಿಗೆ ಮುಂಜಾನೆ ಬಸ್ಸಿಗೆ ಹೋಗಿ ಸಂಜೆ ಬರುವುದೆಂದು ತೀರ್ಮಾನಿಸಲಾಯಿತು. ನನ್ನ ಯಜಮಾನರು ದೂರದ ಊರಿನಲ್ಲಿ ಶಿಕ್ಷಕರಾಗಿದ್ದು, ಭಾನುವಾರ ಮಾತ್ರ ಬರುತ್ತಿದ್ದರು. ಅವ್ವನಿಗೆ ಕೈ ನಡುಗುವ ತೊಂದರೆ ಶುರುವಾಗಿತ್ತು. ಹೀಗಾಗಿ ಹಗಲಿನಲ್ಲಿ ಕೂಸನ್ನು ಎತ್ತುವ ಕೈ ಬೇಕಿತ್ತು. ಅಷ್ಟರಲ್ಲಿ ಶರಣುವಿಗೆ ಎಲುಬು ಗಟ್ಟಿಯಾಗುವ ಔಷಧವನ್ನು ಆಗಾಗ ಸಲೈನಿನಲ್ಲಿ ಕೊಡಲು ಪ್ರಾರಂಭಿಸಿದ್ದರು. ಡಾಕ್ಟರು ಈಗ ಬೇರೆಯೇ ಮಾತು ಹೇಳುತ್ತಿದ್ದರು: ಕೂಸನ್ನು ಹೀಗೆ ಮಲಗಿಸಿಯೇ ಇಟ್ಟರೆ ಇರುವ ಎಲುಬೂ ಸವೆಯುತ್ತದೆ, ಎತ್ತಬೇಕು, ಮಗ್ಗಲು ಬದಲಿಸಬೇಕು, ಬೆಚ್ಚನೆಯ ನೀರಿನಲ್ಲಿ ಬಿಟ್ಟು ಕೈಕಾಲು ಆಡಿಸಲು ಬಿಡಬೇಕು. ನಾನು ಅತ್ತೆಯವರಲ್ಲಿ ವಿನಂತಿಸಿಕೊಂಡೆ.

"ಅತ್ತಿ, ನಿಮ್ಮಷ್ಟ ಕೂಸಿನ ಮೈ ಗೊತ್ತಿದ್ದವರು ಯಾರದಾರ್ರಿ? ರೊಟ್ಟಿಗತೆ ಎತ್ತೂದನ್ನ ನಾ ತೋರಸ್ತೇನಿ."

"ನನ್ನ ಕೈ ಕೈ ಅಲ್ಲವ್ವಾ, ಕಟಗಿ ಕಡಿಯೂ ಕೊಡ್ಲಿ."

"ಡಾಕ್ಟರ ಹೇಳ್ಯಾರ್ರಿ, ಎತ್ತಲಿಲ್ಲಂದ್ರ ಎಲಬು ಇನ್ನೂ ಹಗುರ ಆಗತೈತಿ."

"ಮುಟ್ಟಬ್ಯಾಡ ಅಂದಾವನೂ ಅವನ, ಎತ್ತ ಅನ್ನಾವನೂ ಅವನ. ಮದಲ ಅವನ ಮಾತಿಗೆ ಪಟ್ಟಿ ಕಟ್ಟಸ."

ಮೊದಲು ಬೇಡವೆಂದರೂ ಮುಟ್ಟಿದರು, ಈಗ ಬೇಕೆಂದರೂ ಮುಟ್ಟರು. ಎರಡು ಸಲವೂ ಡಾಕ್ಟರು ಸುಳ್ಳು, ನಾನು ತಿಳಿಗೇಡಿ. ಕಡೆಗೆ ನಾನೇ ಕಚೇರಿಗೆ ಹೊರಡುವ ಮೊದಲು, ಮತ್ತೆ ಮರಳಿ ಬಂದ ಕೂಡಲೇ ಎಲ್ಲವನ್ನೂ ಮಾಡಬೇಕಾಯಿತು. ಹಗಲು ಅವ್ವ ಕೂಸನ್ನು ಎತ್ತದೆ, ಮಲಗಿದಲ್ಲೇ ಹಾಲು ಕುಡಿಸಿ ಬಟ್ಟೆ ಬದಲಿಸುತ್ತಿದ್ದಳು. ಮೊದಲ ಸಲ ಪ್ಲಾಸ್ಟಿಕ್ ಟಬ್ಬಿನಲ್ಲಿ ಬೆಚ್ಚನೆಯ ನೀರು ತುಂಬಿ, ಕೂಸನ್ನು ಅಂಗೈ ಮೇಲೆಯೇ ಇಟ್ಟುಕೊಂಡು ಮೆಲ್ಲಗೆ ಇಳಿಸಿದಾಗ ಅತ್ತೆಯವರು ಬಚ್ಚಲ ಬಾಗಿಲಿನಲ್ಲಿ ನಿಂತು ನನ್ನ ಏಳು ತಲೆಮಾರಿಗೆ ಬೈದರು. ಆ ಏಳರಲ್ಲಿ ಅವರ ತಲೆಮಾರೂ ಇತ್ತು ಎಂಬುದು ಅವರ ಗಮನಕ್ಕೆ ಬಂದಂತಿರಲಿಲ್ಲ. ಆಮೇಲೆ ನೋಡಲಾರದೆ ಗೋಡೆಯ ಕಡೆ ಮುಖ ತಿರುಗಿಸಿ ನಿಂತರು.

ಸ್ವಲ್ಪ ಹೊತ್ತಿನ ಮೇಲೆ ಕೇಳಿದರು: "ಏನ ಮಾಡಾಕತ್ತೈತಿ?"

"ಕಾಲ ಬಡ್ಯಾಕತ್ತೈತ್ರಿ ಅತ್ತಿ."

"ಎರಡೂ ಕಾಲೇನು?"

"ಎರಡೂರಿ."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ, "ಮೆಲ್ಲಕ ಬಡಿಯಂತ ಹೇಳ ಅದಕ್ಕ" ಎಂದು ಹೊರಗೆ ಹೋದರು. ಮರುದಿನದಿಂದ ನಾನು ಏಳುವ ಮೊದಲೇ ಹಂಡೆಯ ಕೆಳಗೆ ಒಲೆ ಉರಿಯುತ್ತಿರುತ್ತಿತ್ತು. ನೀರಿಗೆ ಮೊಣಕೈ ಅದ್ದಿ ನೋಡಿ, "ಹೂಂ, ಬಿಡ ಈಗ. ನೀರ ಮುಟ್ಟಲಿ, ನೀ ಭಾಳ ಮುಟ್ಟಬ್ಯಾಡ" ಎನ್ನುವರು. ನೀರಿಗಿಂತ ಆಚೆ ಅವರ ಕೈ ಬರಲಿಲ್ಲ.

ಶರಣುವಿಗೆ ಮಾತು ಬೇಗ ಬಂದಿತು. ಕಾಲಿಗಿಂತ ಬಾಯಿ ಚುರುಕಾಯಿತು. ಅವನು ಕುಳಿತಲ್ಲೇ ಸರಿದು ಸರಿದು ಅವರ ಮಣೆಯ ಹತ್ತಿರ ಹೋಗುವನು. ಅವರು ಮಣೆಯನ್ನು ಹಿಂದಕ್ಕೆ ಸರಿಸುವರು. "ಅಮ್ಮಾ, ಎತಗೋ" ಎಂದು ಕೈ ಚಾಚುವನು (ನಮ್ಮಲ್ಲಿ ಅಜ್ಜಿಗೆ ಅಮ್ಮ ಎನ್ನುತ್ತಾರೆ). "ನಿಮ್ಮವ್ವ ಬರ್ಲಿ, ಆಕಿಗೆ ಪಗಾರ ಕೊಡ್ತಾರ" ಎನ್ನುವರು. ಹೀಗೆ ಸರಿಯುತ್ತ ಸರಿಯುತ್ತ ಇಬ್ಬರೂ ಪಡಸಾಲೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಮುಟ್ಟುವರು. ಅವ್ವ ಇದನ್ನು ನೋಡಿ ನಗುತ್ತಿದ್ದಳು. ನನಗೆ ಮಾತ್ರ ಎಂದೂ ನಗು ಬರಲಿಲ್ಲ. ಎತ್ತಿಕೋ ಎಂದು ಕೇಳುವ ಕೂಸಿಗೆ ಎಷ್ಟು ದಿನ ಹೀಗೆ ಇಲ್ಲವೆನ್ನುವುದು? ಅವರ ಬೈಗುಳಕ್ಕೆ ಹೆದರಿ ಓಣಿಯಲ್ಲಿಯೂ ಯಾರೂ ಅವನನ್ನು ಎತ್ತಿಕೊಳ್ಳುತ್ತಿರಲಿಲ್ಲ. ನನ್ನ ಮಗನನ್ನು ಎಲ್ಲರೂ ನೋಡುತ್ತಿದ್ದರು, ಮಾತನಾಡಿಸುತ್ತಿದ್ದರು, ದೂರ ನಿಂತು ಪೇಢೆ ಕೊಡುತ್ತಿದ್ದರು. ನನ್ನ ಮತ್ತು ಅವನ ಅಪ್ಪನ ಹೊರತಾಗಿ ಬೇರೆ ಯಾರ ಹೆಗಲಿನ ಪರಿಚಯವೂ ಅವನಿಗಿರಲಿಲ್ಲ. ಈ ಕುರಿತು ನಾನು ಅತ್ತೆಯವರೊಡನೆ ಕೊನೆಯ ಬಾರಿ ಜಗಳವಾಡಿದ್ದು ಅವರು ತೀರಿಕೊಳ್ಳುವ ಹಿಂದಿನ ವಾರ. "ಒಮ್ಮೆರೆ ಎತಗೋರಿ ಅತ್ತಿ. ನಾ ಬಾಜೂಕ್ಕ ಕುಂಡರತೇನಿ" ಎಂದೆ. ಅವರು ತಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು, "ಮುಂದಿನ ಹುಟ್ಟಿನ್ಯಾಗ" ಎಂದರು. ಸಿಟ್ಟಿನಿಂದ ನಾನು ಎದ್ದು ಬಂದೆ.

ಎದೆನೋವು ಬಂದು, ಗಾಡಿ ತರಿಸುವಷ್ಟರಲ್ಲಿ ಅವರು ಹೋಗಿಬಿಟ್ಟರು. ಅದರಲ್ಲಿಯೂ ಯಾರ ಮಾತನ್ನೂ ಕೇಳಲಿಲ್ಲ.

ನಮ್ಮ ಪದ್ಧತಿಯಂತೆ ಅವರನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹೂವಿನ ಮಾಲೆ. ಓಣಿಯ ಜನವೆಲ್ಲ ಸೇರಿತ್ತು, ಭಜನೆ ನಡೆದಿತ್ತು. ನಾನು ಶರಣುವನ್ನು ಎತ್ತಿಕೊಂಡು ಒಳಗೆ ಬಂದ ಕೂಡಲೇ ಯಾರೂ ಹೇಳದೆಯೇ ಜನ ಎರಡು ಭಾಗವಾಗಿ ಸರಿದು ದಾರಿ ಬಿಟ್ಟರು. ಒಬ್ಬರ ಸೀರೆಯ ತುದಿಯೂ ನಮಗೆ ತಾಗಲಿಲ್ಲ. ನನಗೆ ಅತ್ತೆಯವರ ಪಾದ ಮುಟ್ಟಿ ನಮಸ್ಕಾರ ಮಾಡಬೇಕಿತ್ತು. ಕೂಸನ್ನು ಹಿಡಿದುಕೊಂಡು ಬಗ್ಗುವುದು ಸಾಧ್ಯವಿರಲಿಲ್ಲ. ಅವ್ವ ಅತ್ತು ಸೋತು ಮೂಲೆಯಲ್ಲಿ ಕುಳಿತಿದ್ದಳು. ನನ್ನ ಯಜಮಾನರು ಇನ್ನೂ ದಾರಿಯಲ್ಲಿದ್ದರು. ಹತ್ತಿರದಲ್ಲಿ ಮಾಂತವ್ವ ನಿಂತಿದ್ದಳು.

"ಮಾಂತವ್ವಾ, ಇವನ್ನ ಒಂದ ಚೂರ ಹಿಡಕೋ" ಎಂದೆ.

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ನಾ ಒಲ್ಲೆವ್ವಾ. ಅತ್ತಿ ಬೈತಾಳ."

ಅವಳ ಹಿಂದಿನವಳೂ ಸರಿದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂದಿತು. ಮಾಂತವ್ವನ ಮೇಲೋ, ಮಾಲೆ ಹಾಕಿಕೊಂಡು ಹಾಯಾಗಿ ಕುಳಿತವರ ಮೇಲೋ ನನಗೇ ತಿಳಿಯಲಿಲ್ಲ.

"ಬೈಲಿ" ಎಂದೆ. "ಬೈಲಿ, ನಾ ನೋಡ್ತೇನಿ. ಅಂಗೈ ಅಗಲ ಮಾಡ. ಒಂದ ತಲಿ ಹಿಂದ, ಒಂದ ಕುಂಡಿ ಕೆಳಗ. ಹಾಂ, ಹಂಗ."

ಮಾಂತವ್ವ ಉಸಿರು ಹಿಡಿದು ಕೈ ಚಾಚಿದಳು. ನಾನು ಶರಣುವನ್ನು ಅವಳ ಕೈಗೆ ಕೊಟ್ಟೆ. ಅವನು ಹೊಸ ಹೆಗಲನ್ನು ಒಮ್ಮೆ ನೋಡಿ, ಅದರ ಮೇಲೆ ಗಲ್ಲ ಇಟ್ಟನು. ಭಜನೆಯವರ ಕೈಯಲ್ಲಿ ತಾಳ ನಿಂತಿತು. ಅವ್ವ ತಲೆ ಎತ್ತಿದಳು. ಪಡಸಾಲೆಯಲ್ಲಿದ್ದವರೆಲ್ಲರೂ, ನಾನೂ ಸೇರಿದಂತೆ, ಗೋಡೆಗೆ ಆನಿಸಿ ಕೂಡಿಸಿದ್ದವರ ಕಡೆಗೆ ತಿರುಗಿ ಕಾದೆವು.

ಬೈಗುಳ ಬರಲಿಲ್ಲ.